ಪಡುವಲಲ್ಲಿ ಕಂಡ ಬೆಳಕು

"ಆವತ್ತು ಸಂಜೆ ನೀವು ಎಲ್ಲಿದ್ರಿ? ಯಾವ ಕಡೆ ಮುಖ ಮಾಡಿದ್ರಿ?"

ಈ ಎರಡು ಪ್ರಶ್ನೆ ಹಿಡಿದುಕೊಂಡು ಹೊನ್ನಾಳಿಯ ಒಂದು ಬೀದಿ ಸುತ್ತಿ ಬನ್ನಿ, ಊರಿನ ಹಣೆಬರಹ ಗೊತ್ತಾಗುತ್ತದೆ. ಕೇಳುತ್ತಿದ್ದವಳು ಟೈಲರ್ ಬುಡನ್‌ಸಾಬರ ಮಗಳು ರುಹೀನಾ, ನ್ಯಾಮತಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಪೊಲೀಸಲ್ಲ, ಕಂದಾಯದವಳಲ್ಲ. ಆದರೂ ಜನ ಬೆವರಿದರು. ಬಟ್ಟೆ ಅಂಗಡಿಯವನು ದೇವಸ್ಥಾನದಲ್ಲಿದ್ದೆ ಅಂದ. ಅವನು ದೇವಸ್ಥಾನದ ಮೆಟ್ಟಿಲು ತುಳಿದದ್ದನ್ನು ನಾನಂತೂ ಈ ಜನ್ಮದಲ್ಲಿ ಕಂಡಿಲ್ಲ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಮನೆಯಲ್ಲೇ ಇದ್ದೆ ಅಂದಳು. ಅವಳ ಅವ್ವ ಪಕ್ಕದಲ್ಲೇ ನಿಂತಿದ್ದಳು, "ಯಾವ ಮನೆಯಾಗೆ ಇದ್ದೆ ಹೇಳೇ" ಅಂತ ಅಲ್ಲೇ ಜುಟ್ಟು ಹಿಡಿದಳು.

ನಾನು ಎಲ್ಲಿರುತ್ತೇನೆ ಅನ್ನುವುದು ಇಡೀ ತಾಲ್ಲೂಕಿಗೆ ಗೊತ್ತು. ಬಸ್‌ಸ್ಟ್ಯಾಂಡ್ ಪಕ್ಕದ ಮಂಡಕ್ಕಿ-ಮೆಣಸಿನಕಾಯಿ ಗಾಡಿ ನನ್ನದು. ಸಂಜೆಯಾದರೆ ಎಣ್ಣೆ ಬಾಣಲೆ ಬಿಟ್ಟು ಕದಲುವುದಿಲ್ಲ. ಆವತ್ತೂ ಅಲ್ಲೇ ನಿಂತಿದ್ದೆ. ಕತ್ತಲು ಇಳಿಯುತ್ತಿತ್ತು. ಹೊಳೆಯ ಕಡೆ, ಮೂಡಲ ಆಕಾಶದಲ್ಲಿ, ಒಂದು ಬೆಂಕಿ ಉಂಡೆ ಎಡದಿಂದ ಬಲಕ್ಕೆ ಹೊರಟಿತು. ಅವಸರವೇ ಇಲ್ಲ, ಮೆರವಣಿಗೆ ಹೊರಟಂತೆ ಹೊರಟಿತು. ಹೋಗುತ್ತಾ ಹೋಗುತ್ತಾ ಒಡೆದು ಚೂರಾಯಿತು. ಒಂದರ ಹಿಂದೆ ಒಂದು ಚೂರು, ಒಂದೊಂದಕ್ಕೂ ಒಂದೊಂದು ಬಾಲ, ಕೆಲವು ಹಸಿರು, ಕೆಲವು ಕೆಂಡದ ಬಣ್ಣ. ಸದ್ದು ಮಾತ್ರ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ಬಾಯಿ ತೆರೆದು ನಿಂತರು, ನನ್ನ ಬಾಣಲೆಯಲ್ಲಿದ್ದ ಮೆಣಸಿನಕಾಯಿ ಕರಕಲಾಯಿತು.

ಮಾರನೆಯ ದಿನದಿಂದ ಶುರುವಾಯಿತು ನೋಡಿ ಪುರಾಣ. ಒಬ್ಬನಿಗೆ ಅದು ಮಿಸೈಲು, ಇನ್ನೊಬ್ಬನಿಗೆ ಡ್ರೋನು. ಚನ್ನಗಿರಿಯಲ್ಲಿ, ಯಾರ ಅಂಗಳದಲ್ಲಿ ಎಷ್ಟು ಅಡಿಕೆ ಒಣಗಿದೆ ಅಂತ ಕಳ್ಳರು ಮೇಲಿನಿಂದ ನೋಡಿಕೊಂಡು ಹೋಗಿದ್ದಾರೆ ಅಂತ ಮಾತು ಹುಟ್ಟಿ, ಕಾವಲು ಹಾಕಿದರಂತೆ. ನ್ಯಾಮತಿಯವರು ತಮ್ಮ ಕೆರೆಯ ಹಿಂದೆಯೇ ಬಿತ್ತು ಅಂತ ಹುಡುಕಿಕೊಂಡು ಹೋದರು. ನಮ್ಮವರು ಹೊಳೆಯಾಚೆ ಬಿತ್ತು ಅಂದರು. ನನಗೆ ಯಾರ ಮಾತೂ ಪಥ್ಯವಾಗಲಿಲ್ಲ. ನನ್ನ ಗುಣವೇ ಹಾಗೆ. ತಕ್ಕಡಿ ಹಿಡಿದವನ ಬಾಯಿ ನೋಡುವವಳಲ್ಲ ನಾನು, ಕೈ ನೋಡುವವಳು.

ರುಹೀನಾಳ ಮೇಲೂ ನನಗೆ ಅನುಮಾನವೇ ಇತ್ತು. ಗಾಡಿಗೆ ಬಂದಾಗ ಮುಖಕ್ಕೆ ಹೊಡೆದ ಹಾಗೆ ಕೇಳಿದೆ. "ಊರಿನವರೆಲ್ಲ ಎಲ್ಲಿದ್ರು ಅಂತ ತಿಳ್ಕೊಂಡು ನಿಂಗೇನಾಗಬೇಕಮ್ಮ?"

ಅವಳು ನಕ್ಕಳು. "ನಾಗರತ್ನಕ್ಕ, ಅದು ಹಳೇ ಸ್ಯಾಟಲೈಟೋ ರಾಕೆಟ್ ತುಂಡೋ ಇರಬಹುದು. ಕೆಲಸ ಮುಗಿದ ಮ್ಯಾಲೆ ಕೆಳಗೆ ಬೀಳ್ತವೆ. ಬೀಳುವಾಗ ಗಾಳಿ ಹೊಡೆತಕ್ಕೆ ಕಾದು, ಒಡೆದು, ಮೇಲೇ ಉರಿದು ಹೋಗ್ತವೆ. ಉಲ್ಕೆ ಆಗಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಮುಗಿದಿರೋದು. ಇದು ನಿಧಾನಕ್ಕೆ ಹೋಯ್ತು ನೋಡ್ರಿ, ಅದಕ್ಕೇ ಅನುಮಾನ."

"ಇರಬಹುದು ಅಂದ್ರೇನು? ಹೌದೋ ಅಲ್ವೋ ಹೇಳು."

"ಅದನ್ನ ಹೇಳಾಕೇ ಒಂದೊಂದು ಊರಿನವರು ಯಾವ ಕಡೆ ನೋಡಿದ್ರು ಅಂತ ಬೇಕು. ಹೊನ್ನಾಳಿ, ನ್ಯಾಮತಿಯವರು ಮೂಡ್ಲು ಅಂತಾರೆ. ಚನ್ನಗಿರಿಯವರು ನೆತ್ತಿ ಮ್ಯಾಲೆ ಅಂತಾರೆ. ಜಗಳೂರು ಕಡೆಯವರು ಯಾರೂ ಸಿಕ್ಕಿಲ್ಲ. ನಿಮ್ಮ ತವರು ಆ ಕಡೆ ಅಲ್ವಾ? ಕೇಳಿ ಹೇಳ್ರಿ."

ನನ್ನ ತವರು ಜಗಳೂರು ತಾಲ್ಲೂಕಿನ ಸೊಕ್ಕೆ. ಅಣ್ಣ ಚಿಕ್ಕಹನುಮಂತಪ್ಪ ಅಲ್ಲೇ ಬೇಸಾಯ ಮಾಡಿಕೊಂಡಿದ್ದಾನೆ. ಅವನ ಮಗ ದುರುಗೇಶನಿಗೆ ನನ್ನ ಒಬ್ಬಳೇ ಮಗಳು ಸುಧಾಳನ್ನು ಕೊಡುವುದು ಅಂತ ಮಾತಾಗಿತ್ತು. ಅಣ್ಣನೇ ಬಂದು ಕೇಳಿದ್ದ; ಸೋದರ ಸಂಬಂಧ, ತವರಿನ ಬಳ್ಳಿ ಕಡಿಯಬಾರದು ಅಂತ ನಾನೇ ಹಟ ಹಿಡಿದು ಮಾಡಿಸಿದ್ದು. ಹುಣ್ಣಿಮೆ ಕಳೆದರೆ ಒಪ್ಪಿಗೆ ಶಾಸ್ತ್ರ. ಹುಡುಗ ಜಗಳೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ದೀಪ ಹಚ್ಚುವುದರೊಳಗೆ ಮನೆ ಸೇರುತ್ತಾನೆ, ಕತ್ತಲಲ್ಲಿ ಬೈಕ್ ಹತ್ತಿ ಅಲೆಯುವ ಪೈಕಿ ಅಲ್ಲ ಅಂತ ಗಾಡಿಗೆ ಬಂದವರಿಗೆಲ್ಲ ಹೇಳಿಕೊಂಡು ಮೆರೆದಿದ್ದೆ. ಸುಧಾಳಿಗೂ ಅವನೆಂದರೆ ಇಷ್ಟ. ಬೆಳಕು ಬಂದ ದಿನ ಫೋನು ಹಿಡಿದುಕೊಂಡು ಕುಣಿಯುತ್ತಾ ಬಂದಿದ್ದಳು. "ಅವ್ವಾ, ದುರುಗೇಶನೂ ನೋಡಿದನಂತೆ! ಹಾಲಿನ ಡೈರಿ ಹತ್ರ ನಿಂತಿದ್ನಂತೆ. ಹಸಿರು ಬಣ್ಣ ಅಂತ ಎಷ್ಟು ಚೆನ್ನಾಗಿ ಹೇಳಿದ ಗೊತ್ತಾ?"

ಒಲ್ಲದ ಮನಸ್ಸು ಇದ್ದದ್ದು ಒಬ್ಬರಿಗೇ, ನಮ್ಮ ಯಜಮಾನರಿಗೆ. ಅವರ ತಂಗಿ ಲಕ್ಷ್ಮಿದೇವಿ ಸಾಸ್ವೆಹಳ್ಳಿಯಲ್ಲಿದ್ದಾಳೆ, ಅವಳಿಗೂ ಒಬ್ಬ ಮಗ ಇದ್ದಾನೆ. ಬಾಯಿ ಬಿಟ್ಟು ಹೇಳುವ ಧೈರ್ಯ ಇಲ್ಲ. ಸುಧಾಳ ಮದುವೆ ಮಾತು ಬಂದಾಗಲೆಲ್ಲ ತಾವು ಓಡಿಸುವ ಗೂಡ್ಸ್ ಗಾಡಿಯ ಟೈರು ಒದ್ದು ನೋಡುತ್ತಾ ನಿಲ್ಲುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ಅವರು ನನ್ನ ಗಾಡಿ ಹತ್ತಿರ ನಿಂತು ಮೆಣಸಿನಕಾಯಿ ತಿನ್ನುತ್ತಿದ್ದರು. ರುಹೀನಾ ಬಂದಳು, ಅದೇ ಪ್ರಶ್ನೆ ಕೇಳಿದಳು. "ಚಿತ್ತಪ್ಪಣ್ಣ, ಆವತ್ತು ನೀವೆಲ್ಲಿದ್ರಿ?"

"ನ್ಯಾಮತಿಯಾಗಿದ್ದೆ ಕಣಮ್ಮ. ಹಿಂಡಿ ಚೀಲ ಇಳಿಸಾಕೆ ಹೋಗಿದ್ದೆ."

"ಯಾವ ಕಡೆ ಕಾಣ್ತು?"

"ಪಡುವ್ಲ ಕಡೆ." ಕೈಯಲ್ಲಿದ್ದ ಮೆಣಸಿನಕಾಯಿಯಿಂದಲೇ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದರು. "ಹೊತ್ತು ಮುಳುಗಿದ ಕೆಂಪು ಇನ್ನೂ ಪೂರ್ತಿ ಆರಿದ್ದಿಲ್ಲ. ಆ ಕೆಂಪಿನ ಮ್ಯಾಲೆ, ಹಿಂಗೆ, ಬಲದಿಂದ ಎಡಕ್ಕೆ ಹೋತು."

ಮೊಬೈಲ್ ಮೇಲೆ ಓಡುತ್ತಿದ್ದ ರುಹೀನಾಳ ಬೆರಳು ನಿಂತಿತು. "ಪಡುವ್ಲಾ? ಸರಿಯಾಗಿ ನೆನಪು ಮಾಡ್ಕೊಳ್ರಿ."

"ಕಣ್ಣಾರೆ ಕಂಡೀನಿ ಅಂತೀನಲ್ಲ" ಅಂದವರು ನನ್ನ ಮುಖ ನೋಡಿದರು. ನೋಡಿದ್ದೇ ತಡ, ಏನೋ ಕೆಲಸ ನೆನಪಾದಂತೆ ಹೊರಟೇ ಬಿಟ್ಟರು. ತಟ್ಟೆಯಲ್ಲಿ ಒಂದು ಮೆಣಸಿನಕಾಯಿ ಹಾಗೇ ಉಳಿದಿತ್ತು. ಮದುವೆಯಾದಾಗಿನಿಂದ ಈ ಮನುಷ್ಯ ತಟ್ಟೆಯಲ್ಲಿ ಮೆಣಸಿನಕಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

"ಏನಮ್ಮ, ಏನು ತಪ್ಪಾಯ್ತು?" ಅಂತ ರುಹೀನಾಳನ್ನು ಕೇಳಿದೆ.

"ಚಿತ್ತಪ್ಪಣ್ಣಗೆ ದಿಕ್ಕು ಮರ್ತಿರಬೇಕು. ರಸ್ತೆ ಮ್ಯಾಲೆ ಬಸ್ ಹೋಗ್ತೈತೆ ಅಂದ್ಕೊಳ್ರಿ ಅಕ್ಕ. ಈ ಕಡೆ ಮನೆಯವರಿಗೆ ಬಸ್ ಮೂಡ್ಲಿಗೆ ಕಾಣುತ್ತೆ, ಆ ಕಡೆ ಮನೆಯವರಿಗೆ ಅದೇ ಬಸ್ ಪಡುವ್ಲಿಗೆ ಕಾಣುತ್ತೆ. ಇದು ಚನ್ನಗಿರಿ ನೆತ್ತಿ ಮ್ಯಾಲೆ ಹಾದು ಹೋಗೈತೆ. ನ್ಯಾಮತಿ ಇರೋದು ಈ ಕಡೆ. ಅಲ್ಲಿ ನಿಂತವರಿಗೆ ಪಡುವ್ಲಾಗೆ ಕಾಣಾಕೆ ಸಾಧ್ಯನೇ ಇಲ್ಲ." ಆಮೇಲೆ ತಮಾಷೆಗೆ ಅನ್ನುವಂತೆ ಸೇರಿಸಿದಳು. "ಅವರು ಹೇಳಿದ್ದು ಜಗಳೂರು ಕಡೆ ನಿಂತವರು ಹೇಳಬೇಕಾದ ಮಾತು."

ರುಹೀನಾಳಿಗೆ ತಮಾಷೆ. ನನಗೆ ಬಾಣಲೆಯ ಎಣ್ಣೆ ಮೈಮೇಲೆ ಬಿದ್ದಂತಾಯಿತು. ಬದುಕೆಲ್ಲ ಸ್ಟೇರಿಂಗ್ ಹಿಡಿದ ಮನುಷ್ಯನಿಗೆ ಮೂಡಲು ಯಾವುದು ಪಡುವಲು ಯಾವುದು ತಿಳಿಯುವುದಿಲ್ಲವೇ? ಅದೂ ಸೂರ್ಯ ಮುಳುಗಿದ ಕೆಂಪು ನೋಡಿದವರಿಗೆ?

ಆ ದಿನ ಊಟಕ್ಕೆ ಬಡಿಸುತ್ತಾ ಸುಮ್ಮನೆ ಕೇಳಿದೆ. "ನ್ಯಾಮತಿಯಾಗೆ ಹಿಂಡಿ ಅಂಗಡಿ ಸಾವ್ಕಾರ್ರು ಚೆನ್ನಾಗಿದಾರೇನ್ರೀ?"

"ಹ್ಞೂಂ, ಚೆನ್ನಾಗಿದಾರೆ. ಟೀ ಕುಡಿಸಿದ್ರು. ಶುಂಠಿ ಹಾಕಿದ ಟೀ. ಹೊಸಾ ಕುರ್ಚಿ ತರಿಸಿದಾರೆ, ನೀಲಿ ಬಣ್ಣದ್ದು."

ಕೇಳದಿದ್ದರೂ ಕುರ್ಚಿಯ ಬಣ್ಣ ಹೇಳಿದರು ಅಂದರೆ ಅದು ಅಪ್ಪಟ ಸುಳ್ಳು. ಇಷ್ಟು ವರ್ಷ ಸಂಸಾರ ಮಾಡಿ ನಾನು ಅಷ್ಟಾದರೂ ಕಲಿತಿದ್ದೇನೆ.

ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಜಗಳೂರು ಕಡೆ ಇವರಿಗೆ ಯಾರಿದ್ದಾರೆ? ಬೇರೆ ಹೆಂಗಸು? ಮಂಡಿ ನೋವು ಅಂತ ಮೆಟ್ಟಿಲು ಹತ್ತಲಾರದ ಮನುಷ್ಯ; ಆದರೂ ಗಂಡಸಿನ ಜಾತಿ, ಹೇಗೆ ನಂಬುವುದು? ಅದಲ್ಲದಿದ್ದರೆ ಉಳಿದದ್ದು ಒಂದೇ. ಸೊಕ್ಕೆಗೆ ಹೋಗಿ ಇಲ್ಲಸಲ್ಲದ್ದು ಹೇಳಿ ನನ್ನ ಮಗಳ ಸಂಬಂಧ ಕೆಡಿಸುತ್ತಿದ್ದಾರೆ. ತಂಗಿಯ ಮಗನಿಗೆ ಗಂಟು ಹಾಕಲು ದಾರಿ ಮಾಡುತ್ತಿದ್ದಾರೆ. ನನಗೆ ಇದೇ ಸರಿ ಅನ್ನಿಸಿತು.

ಬೆಳಿಗ್ಗೆ ಹರಿಹರದಲ್ಲಿ ನೆಂಟರ ಮನೆಯಲ್ಲಿ ಕಾರ್ಯ ಇದೆ ಅಂತ ಹೇಳಿ ಹೊರಟೆ. ಅವರೇನು ಸುಳ್ಳು ಹೇಳುವುದು, ನನಗೂ ಬರುತ್ತದೆ. ದಾವಣಗೆರೆಯಲ್ಲೊಮ್ಮೆ ಜಗಳೂರಿನಲ್ಲೊಮ್ಮೆ ಬಸ್ಸು ಬದಲಾಯಿಸಿ ಸೊಕ್ಕೆ ಮುಟ್ಟುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು.

"ಅಯ್ಯೋ ನಾಗ್ರತ್ನಾ! ಹೇಳದೆ ಕೇಳದೆ ಬಂದ್ಯಲ್ಲೇ!" ಅಣ್ಣನ ಹೆಂಡತಿ ಅಂಜಮ್ಮ ನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು, ಕೂತ ಕಡೆಯಿಂದ ಏಳಲು ಬಿಡಲಿಲ್ಲ. ಬಾಯಿ ನಗುತ್ತಿತ್ತು, ಕಣ್ಣು ಬಾಗಿಲ ಕಡೆ ಓಡುತ್ತಿತ್ತು. ಸ್ವಲ್ಪ ಹೊತ್ತಿಗೇ ಕೇಳಿದಳು. "ಯಾವ ಬಸ್ಸಿಗೆ ಹೋಗ್ತೀಯಾ? ಬೆಳಕಿರುವಾಗ್ಲೇ ಹೊರಡು, ಕತ್ಲಾಗೆ ಯಾಕೆ ತೊಂದ್ರೆ."

ನಾನು ಕಿವಿ ನಿಮಿರಿಸಿದೆ. ಈ ಮನೆಗೆ ಬಂದಾಗಲೆಲ್ಲ ಒಂದು ರಾತ್ರಿ ಇದ್ದು ಹೋಗು ಅಂತ ಸೆರಗು ಹಿಡಿದು ಜಗ್ಗುತ್ತಿದ್ದವಳು ಈವತ್ತು ಬಸ್ಸಿನ ಹೊತ್ತು ಕೇಳುತ್ತಾಳೆ. ನನ್ನ ಗಂಡ ಏನೋ ತಲೆಗೆ ತುಂಬಿದ್ದಾರೆ, ಖಾತ್ರಿ.

ಅಷ್ಟರಲ್ಲಿ ದುರುಗೇಶ ಜಗಳೂರಿನಿಂದ ಬಂದ. ದೂರದಿಂದಲೇ ಗುರುತು ಹಿಡಿದು, "ಯಾವಾಗ ಬಂದ್ರಿ ಅತ್ತೆ?" ಅಂತ ಕಾಲಿಗೆ ನಮಸ್ಕಾರ ಮಾಡಿದ. ಸುಧಾ ಹೇಗಿದ್ದಾಳೆ ಅಂತ ಕೇಳಲು ನಾಚಿಕೊಂಡು ಗಾಡಿಯ ವ್ಯಾಪಾರ ಹೇಗಿದೆ ಅಂತ ಕೇಳಿದ. ಚಿನ್ನದಂಥ ಹುಡುಗ. ಇವನನ್ನು ಕೈಬಿಡಿಸಲು ಹೊರಟಿದ್ದಾರಲ್ಲ ಅಂತ ಯಜಮಾನರ ಮೇಲೆ ಮತ್ತಷ್ಟು ಸಿಟ್ಟು ಬಂತು.

ಊರು ನೋಡಿ ಬರುತ್ತೇನೆ ಅಂತ ಎದ್ದು ಡೈರಿಯ ಕಡೆ ಹೋದೆ. ಅದರ ಎದುರು ಮನೆ ಭೀಮಕ್ಕನದು. ಚಿಕ್ಕಂದಿನಲ್ಲಿ ನಾನೂ ಅವಳೂ ಒಟ್ಟಿಗೆ ಸಗಣಿ ಬಾಚಿದವರು. ನೆಟ್ಟಗೆ ಗಂಡನ ವಿಚಾರ ಕೇಳಿದರೆ ನನ್ನ ಮಾನವೇ ಹೋಗುತ್ತದೆ. ಅದಕ್ಕೇ ರುಹೀನಾಳ ಪ್ರಶ್ನೆಯನ್ನೇ ಎತ್ತಿಕೊಂಡೆ.

"ಆವತ್ತು ಆಕಾಶದಾಗೆ ಬೆಳಕು ಬಂತಲ್ಲ ಭೀಮಕ್ಕ, ನಿಂಗೆ ಯಾವ ಕಡೆ ಕಾಣ್ತು?"

"ಅಗೋ, ಆ ಹುಣಸೇಮರದ ಮ್ಯಾಲೆ." ಕೈ ಪಡುವಲಿಗಿತ್ತು. "ಡೈರಿಗೆ ಹಾಲು ಹಾಕಾಕೆ ಬಂದವ್ರೆಲ್ಲ ಇಲ್ಲೇ ನಿಂತು ನೋಡಿದ್ವಿ. ನನ್ನ ಏನು ಕೇಳ್ತೀಯೇ, ನಿನ್ನ ಗಂಡನೂ ಇದ್ನಲ್ಲ! ಗಾಡಿ ಆ ಕಡೆ ಹಾಕಿ ತಲೆ ಮ್ಯಾಲೆ ಟವೆಲ್ ಹೊದ್ಕೊಂಡು ನಿಂತಿದ್ದ. ನಾವೆಲ್ಲ ಆಕಾಶ ನೋಡ್ತಿದ್ರೆ ಆ ಮನುಷ್ಯ ನಿಮ್ಮ ದುರುಗೇಶನ್ನ ನೋಡ್ತಿದ್ದ. ಎಂಥಾ ವಿಚಿತ್ರ ಅಂತೀನಿ!"

ರುಹೀನಾಳಿಗೆ ಫೋನು ಮಾಡಿ, ಸೊಕ್ಕೆಯಲ್ಲಿ ಪಡುವಲಿಗೇ ಕಂಡದ್ದು ಅಂತ ಹೇಳಿದೆ. ಹುಡುಗಿ ಕುಣಿದಳು. "ಹಂಗಾದ್ರೆ ಎಲ್ಲ ಹೊಂದಿಕೆ ಆಗುತ್ತೆ ಅಕ್ಕ! ಅಷ್ಟು ಊರಿಗೆ ಒಂದೇ ಸಲ ಕಂಡೈತೆ ಅಂದ್ರೆ ತುಂಬಾ ಎತ್ತರದಾಗೆ ಇತ್ತು, ಇಲ್ಲೆಲ್ಲೂ ಬಿದ್ದಿಲ್ಲ. ಸ್ಯಾಟಲೈಟು ಇಲ್ಲಾ ರಾಕೆಟ್ ತುಂಡೇ ಇರಬೇಕು. ಯಾವುದು ಅಂತ ಮಾತ್ರ ನಂಗೂ ಗೊತ್ತಿಲ್ಲ." ಅವಳದು ಬಗೆಹರಿಯಿತು. ನನ್ನದು ಈಗ ಶುರುವಾಗಿತ್ತು.

ಡೈರಿಯ ಹಿಂದೆ ಹೋಗಿ ಯಜಮಾನರಿಗೆ ಫೋನು ಹಚ್ಚಿದೆ. "ನೀಲಿ ಕುರ್ಚಿ ಸೊಕ್ಕೆ ಡೈರಿಯಾಗೆ ಹಾಕಿದ್ರೇನ್ರೀ?"

ಯಜಮಾನರು ಮೆಲ್ಲಗೆ ಅಂದರು. "ವಿಚಾರಿಸಾಕೆ ಬಂದಿದ್ದೆ ಕಣೇ. ಹೆಣ್ಣು ಕೊಡೋ ಮುಂಚೆ ಹುಡುಗನ ಊರಾಗೆ ನಾಕು ಜನರನ್ನ ಕೇಳೋದು ಪದ್ಧತಿ. ನಿನ್ನ ತವರು ಅಂತ ಅದನ್ನ ಬಿಡಾಕಾಗುತ್ತಾ? ನಿಂಗೆ ಹೇಳಿದ್ರೆ ಮನೆ ಹತ್ತಿ ಉರಿತಿತ್ತು."

"ಏನು ಸಿಕ್ತು? ಹೇಳ್ರಿ, ಏನು ಕಳ್ಳತನ ಮಾಡಿದಾನೆ ನನ್ನ ಅಳಿಯ?"

"ಎಲ್ರೂ ಒಳ್ಳೆ ಹುಡುಗ ಅಂದ್ರು. ಒಳ್ಳೆಯವನೇ. ವಾಪಸ್ ಹೊರಟಿದ್ದೆ, ಆ ಬೆಳಕು ಬಂತು. ಅಷ್ಟೂ ಜನದ ಕುತ್ತಿಗೆ ಬೆಳಕಿನ ಜೊತೆಗೇ ತಿರುಗ್ತು ನಾಗೂ. ಅವನ ಕುತ್ತಿಗೆ ಮಾತ್ರ ಬ್ಯಾರೆ ಕಡೆ. ಪಕ್ಕದವರು ಅಗೋ ಅಂದ್ರೆ ಅವನೂ ಅಗೋ ಅಂತಾನೆ. ಅವರು ಹಸ್ರು ಅಂದ್ರೆ ಇವನೂ ಅಬ್ಬಾ ಎಷ್ಟು ಹಸ್ರು ಅಂತಾನೆ. ಕಣ್ಣು ನೋಡಿದ್ರೆ ಡೈರಿ ಗೋಡೆ ಮ್ಯಾಲೆ. ಆ ಹುಡುಗನಿಗೆ ಕತ್ಲಾದ ಮ್ಯಾಲೆ ಕಾಣಲ್ಲ ಕಣೇ. ನಂಗೆ ಹಂಗನ್ನಿಸ್ತು. ನಿಂಗೆ ಹೆಂಗೆ ಹೇಳ್ಲಿ ಅಂತ ಒದ್ದಾಡ್ತಿದ್ದೆ."

"ಥೂ ನಿಮ್ಮ! ತಂಗಿ ಮಗನಿಗೆ ಕೊಡಾಕೆ ಇಂಥ ಕಥೆ ಕಟ್ತೀರಲ್ಲ, ನಿಮ್ಮ ನಾಲಿಗೆ ಸೇದಿ ಹೋಗ!" ಅಂತ ಫೋನು ಕುಕ್ಕಿದೆ.

ಕುಕ್ಕಿದೆ ನಿಜ. ಆದರೆ ಮನೆಯ ಕಡೆ ಹೋಗುವಾಗ ಒಂದು ಮಾತು ತಲೆಗೆ ಬಂತು. ಬೆಳಕಿರುವಾಗಲೇ ಹೊರಡು ಅಂದಿದ್ದಳಲ್ಲ ಅಂಜಮ್ಮ. ಬೆಳಕು ಯಾರಿಗೆ ಬೇಕಾಗಿತ್ತು?

ಮನೆಗೆ ಬಂದು ಹೊರಡುತ್ತೇನೆ ಅಂದೆ. ಅಂಜಮ್ಮ ಎರಡು ಮಾತೂ ಆಡದೆ ಅವಸರದಲ್ಲಿ ಕುಂಕುಮ ಕೊಟ್ಟಳು. ಬೀದಿಯ ತಿರುವಿನ ತನಕ ಹೋಗಿ, ಹೊತ್ತು ಮುಳುಗುವುದನ್ನೇ ಕಾದು, ಹಿತ್ತಿಲ ಕಡೆಯಿಂದ ಬಂದು ಅಂಗಳದ ಕಟ್ಟೆಯ ಮೇಲೆ ಕುಳಿತೆ. ಯಾರಾದರೂ ಬೈದರೆ ಬೈಯಲಿ. ದುರುಗೇಶ ಬಂದು "ಇದೇನು ಅತ್ತೆ, ಇಲ್ಲೇ ಕೂತೀರಿ?" ಅಂದುಬಿಟ್ಟರೆ ಸಾಕು, ಯಜಮಾನರ ಮಾತು ಸುಳ್ಳಾಗುತ್ತದೆ, ನೆಟ್ಟಗೆ ಹೊನ್ನಾಳಿಗೆ ಹೋಗಿ ಆ ಮನುಷ್ಯನ ಗ್ರಹಚಾರ ಬಿಡಿಸುತ್ತೇನೆ. ಅಂಗಳದ ದೀಪ ಹಚ್ಚಿರಲಿಲ್ಲ. ಆದರೂ ನನ್ನ ಕಣ್ಣಿಗೆ ಎದುರಿನ ಬೇಲಿ, ಗೂಟಕ್ಕೆ ಕಟ್ಟಿದ ಕರು, ಅದರ ಹಣೆಯ ಬಿಳಿ ಮಚ್ಚೆ ಎಲ್ಲ ಕಾಣುತ್ತಿತ್ತು.

ದುರುಗೇಶ ಹೊರಗೆ ಬಂದ. ಎಡಗೈ ಗೋಡೆಯನ್ನು ಸವರಿಕೊಂಡೇ ಬಂದ. ಕಟ್ಟೆಯ ಅಂಚು ಮುಟ್ಟಿ ನೋಡಿ ಕುಳಿತ. ನಾನು ಕೈ ಚಾಚಿದ್ದರೆ ಅವನ ಭುಜ ಸಿಗುತ್ತಿತ್ತು. ಅಂದುಬಿಡಪ್ಪ, ಇಲ್ಲೇ ಕೂತೀರಾ ಅತ್ತೆ ಅಂತ ಅಂದುಬಿಡು ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

"ಅವ್ವಾ, ಅತ್ತೆ ಹೋದ್ರಾ?" ಅಂತ ಒಳಗೆ ಕೇಳಿದ.

"ಹೋದ್ಲು ಕಣಪ್ಪ."

"ನನ್ನ ಕಣ್ಣಿನ ವಿಚಾರ ಏನಾದ್ರೂ ಕೇಳಿದ್ರಾ?"

"ಇಲ್ಲ. ನೀನು ಸುಮ್ನಿರು."

"ಸುಧಾಗೆ ನಾನೇ ಹೇಳಿಬಿಡ್ತೀನವ್ವ. ಆಕೆ ಎಷ್ಟು ಖುಷಿಯಾಗಿ ಕೇಳಿದ್ಲು ಗೊತ್ತಾ, ಬೆಳಕು ಹೆಂಗಿತ್ತು ಅಂತ. ಪಕ್ಕದವರು ಅಂದಿದ್ದನ್ನೇ ಹೇಳ್ದೆ. ನಂಗೆ ಹೇಸಿಗೆ ಆಗ್ತೈತೆ."

"ಮದ್ವೆ ಆಗ್ಲಿ, ಆಮೇಲೆ ಹೇಳೀಯಂತೆ."

ಮದುವೆ ಆಗಲಿ, ಆಮೇಲೆ! ಎದ್ದು ನಿಂತೆ, ಬಳೆ ಸದ್ದಾಯಿತು. ದುರುಗೇಶ ಥಟ್ಟನೆ ತಿರುಗಿದ. "ಯಾರು?" ಅಂದ. ಅವನ ಕಣ್ಣು ನನ್ನ ಭುಜದ ಪಕ್ಕದಲ್ಲಿ ಎಲ್ಲೋ ಹುಡುಕುತ್ತಿತ್ತು.

"ನಾನು ಕಣೋ. ಹೋಗಿಲ್ಲ."

ಅಂಜಮ್ಮ ಬಾಗಿಲಿಗೆ ಬಂದು ನಿಂತಳು, ಕೈಯಲ್ಲಿದ್ದ ಸೌಟು ಹಾಗೇ ಇತ್ತು. ಮೇವು ಹಾಕುತ್ತಿದ್ದ ಅಣ್ಣ ಮಾತು ಕೇಳಿ ಓಡಿ ಬಂದ. ನನ್ನನ್ನು ನೋಡಿ, ಮಗನನ್ನು ನೋಡಿ, ಅಲ್ಲೇ ನೆಲದ ಮೇಲೆ ಕುಕ್ಕರಿಸಿದ.

"ಡಾಕ್ಟ್ರಿಗೆ ತೋರಿಸಿದ್ಯೇನೋ?" ಅಂತ ನಾನು ಕೇಳಿದ್ದು ದುರುಗೇಶನನ್ನು.

ಅವನೇ ಹೇಳಿದ. "ದಾವಣಗೆರೆಯಾಗೆ ತೋರಿಸಿದ್ವಿ ಅತ್ತೆ. ಮನೆತನದಾಗೆ ಬಂದಿರೋದು ಅಂದ್ರು. ಬರ್ತಾ ಬರ್ತಾ ಹಗಲೂ ಕಡಿಮೆ ಆಗಬಹುದಂತೆ. ನೆಂಟ್ರೊಳಗೆ ಹೆಣ್ಣು ತಗಬ್ಯಾಡ, ಮಕ್ಕಳಿಗೆ ಬರೋದು ಜಾಸ್ತಿ ಅಂದ್ರು."

"ನಮ್ಮಪ್ಪಗೂ ಹಿಂಗೇ ಅಲ್ವೇನೇ?" ಅಂದ ಅಣ್ಣ, ತಲೆ ಎತ್ತದೆ. "ಹೊತ್ತು ಮುಳುಗಿದ ಮ್ಯಾಲೆ ಹೊಸ್ಲು ದಾಟಲ್ಲ, ಹರಕೆ ಐತೆ ಅಂತಿದ್ದ. ಎಂಥ ಹರಕೆ! ಸಾಯೋ ಮುಂಚೆ ನನ್ನ ಹತ್ರ ಮಾತ್ರ ಹೇಳಿದ."

ಅಪ್ಪನ ಹರಕೆಯನ್ನು ನಾನು ನಂಬಿದ್ದೆ. ತಕ್ಕಡಿ ಹಿಡಿದ ತರಕಾರಿಯವನನ್ನು ನಂಬಲಿಲ್ಲ, ಕಟ್ಟಿಕೊಂಡ ಗಂಡನನ್ನು ನಂಬಲಿಲ್ಲ, ಅಪ್ಪನನ್ನು ನಂಬಿದೆ, ಅಣ್ಣನನ್ನು ನಂಬಿದೆ.

"ಗೊತ್ತಿದ್ದೂ ನನ್ನ ಮಗಳನ್ನೇ ಕೇಳಿದ್ಯಾ ಅಣ್ಣಾ? ಡಾಕ್ಟ್ರು ಬ್ಯಾಡ ಅಂದ ಮ್ಯಾಲೂ?"

"ಹೊರಗಿನವರು ಯಾರು ಕೊಡ್ತಾರೆ ನಾಗೂ?" ಅಣ್ಣನ ದನಿ ಒಡೆಯಿತು. "ನಾಳೆ ಗೊತ್ತಾದ್ರೆ ಅವರು ಬಿಟ್ಟು ಹೋಗ್ತಾರೆ. ನೀನಾದ್ರೆ ಗೊತ್ತಾದ ಮ್ಯಾಲೂ ಬಿಟ್ಟು ಹೋಗಲ್ಲ ಅಂತ ನಿನ್ನ ಕೇಳ್ದೆ."

ಅವನು ಬೈದಿದ್ದರೆ ನಾನೂ ಬೈಯುತ್ತಿದ್ದೆ, ಜಗಳಕ್ಕೆ ನಾನು ಯಾವತ್ತೂ ತಯಾರು. ನನ್ನನ್ನು ಎತ್ತಿ ಆಡಿಸಿದ ಅಣ್ಣ. ನನಗೆ ಮೋಸ ಮಾಡಿದ್ದಾನೆ, ಮಾಡುವಾಗಲೂ ನನ್ನ ಮೇಲೆಯೇ ಭಾರ ಹಾಕಿದ್ದಾನೆ. ಸುಧಾಳ ಮುಖ ಕಣ್ಣ ಮುಂದೆ ಬಂತು. ಅವಳ ಮಕ್ಕಳು ಕತ್ತಲಲ್ಲಿ ಗೋಡೆ ಸವರಿಕೊಂಡು ಬರುವುದೂ ಬಂತು.

"ಹೆಣ್ಣು ಕೊಡಲ್ಲ ಅಣ್ಣಾ" ಅಂದೆ.

ಅಂದಮೇಲೆ ಅಳು ಬಂತು. ಅಂಜಮ್ಮ ಸೌಟು ಎಸೆದು, "ತವರು ಮನೆ ಹಾಳು ಮಾಡಾಕೇ ಬಂದ್ಯೇನೇ? ಕಳ್ಳಿಯಂಗೆ ಹಿತ್ಲಿಂದ ಬಂದು ಕೂತ್ಕೊಂಡ್ಯಲ್ಲ" ಅಂತ ಬಾಯಿ ಮಾಡಿ ಒಳಗೆ ಹೋದಳು. ಅಣ್ಣ ಕುಳಿತಲ್ಲಿಂದ ಏಳಲಿಲ್ಲ. ಕಡೆಯ ಬಸ್ಸಿನ ಹೊತ್ತಾಗಿತ್ತು. ಚೀಲ ಎತ್ತಿಕೊಂಡೆ.

"ಇರ್ರಿ ಅತ್ತೆ, ಬಸ್ಸಿಗೆ ಬಿಟ್ಟು ಬರ್ತೀನಿ" ಅಂತ ದುರುಗೇಶ ಎದ್ದ.

ಬೇಡ ಅಂದೆ. ಕೇಳಲಿಲ್ಲ. ಆ ಮನೆಯಿಂದ ನಾನು ಯಾವತ್ತೂ ಒಬ್ಬಳೇ ಬಸ್ಸಿಗೆ ಹೋದವಳಲ್ಲ, ಅವನೇ ಬಂದು ಸೀಟು ಹಿಡಿದು ಕೂರಿಸುತ್ತಿದ್ದ. ನನ್ನ ಮುಂದೆ ಮುಚ್ಚಿಡುವುದು ಏನೂ ಉಳಿದಿರಲಿಲ್ಲವಾದ್ದರಿಂದ ಮೊಬೈಲಿನ ಲೈಟು ಹಾಕಿಕೊಂಡ. ಬೆಳಕು ಬಿದ್ದ ಅಂಗೈಯಗಲ ನೆಲವನ್ನೇ ನೋಡುತ್ತಾ ಹೆಜ್ಜೆ ಇಟ್ಟ. ಚರಂಡಿಯ ಹತ್ತಿರ ಬೆಳಕು ಒಂದು ಕಡೆ, ಕಾಲು ಇನ್ನೊಂದು ಕಡೆ ಆಗಿ ಮುಗ್ಗರಿಸಿದ. ಮೊಣಕಾಲು ಕಲ್ಲಿಗೆ ಬಡಿಯಿತು. ನಾನು ತೋಳು ಹಿಡಿದುಕೊಂಡೆ, ಅವನು ಬಿಡಿಸಿಕೊಳ್ಳಲಿಲ್ಲ.

"ಸುಧಾಗೆ ನೀವು ಹೇಳಬ್ಯಾಡ್ರಿ ಅತ್ತೆ" ಅಂದ. "ನಾನೇ ಫೋನ್ ಮಾಡಿ ಹೇಳ್ತೀನಿ. ನೀವು ಹೇಳಿದ್ರೆ ನಾನು ಮೋಸಗಾರ ಆಗ್ತೀನಿ."

"ಆಗಲಿ ಕಣಪ್ಪ."

"ಆವತ್ತು ಡೈರಿ ಹತ್ರ ಮಾವ ನನ್ನನ್ನೇ ನೋಡ್ತಿದ್ರು ಅಂತ ಭೀಮಕ್ಕ ಅಂದ್ರು. ಅವರಿಗೂ ಹೇಳ್ರಿ, ನಂಗೆ ಸಿಟ್ಟಿಲ್ಲ ಅಂತ."

ಆ ಮಾವನಿಗೆ ನಾಲಿಗೆ ಸೇದಿ ಹೋಗಲಿ ಅಂದವಳು ನಾನು.

ಬಸ್ಸಿನ ಸದ್ದು ನನಗಿಂತ ಮೊದಲು ಅವನಿಗೇ ಕೇಳಿಸಿತು. "ಬಂತು, ಹತ್ತಿಕೊಳ್ರಿ" ಅಂತ ಕೈ ಅಡ್ಡ ಹಿಡಿದು ನಿಲ್ಲಿಸಿದ. ನಾನು ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು ಹಿಂದೆ ತಿರುಗಿ ನೋಡಿದೆ. ನಾವು ಬಂದ ದಾರಿ ಪೂರ್ತಿ ಕತ್ತಲಾಗಿತ್ತು.

"ನೀನು ಹೆಂಗೆ ಹೋಗ್ತೀಯೋ?"

"ಹೋಗ್ತೀನಿ ಬಿಡ್ರಿ ಅತ್ತೆ. ದಿನಾ ಓಡಾಡೋ ದಾರಿ." ನಗುತ್ತಿದ್ದ. ಮುಖ ಬಸ್ಸಿನ ಕಡೆಗಿತ್ತು, ನನ್ನ ಕಡೆಗಲ್ಲ. ಒಂದು ಕೈ ಮೊಣಕಾಲು ಒತ್ತಿ ಹಿಡಿದಿತ್ತು.

"ಹತ್ತೋದಾದ್ರೆ ಹತ್ರೀ ಅಮ್ಮಾ, ಇದು ಕೊನೇ ಬಸ್ಸು" ಅಂತ ಕಂಡಕ್ಟರ್ ಗದರಿದ.

"ನೀ ಹೋಗಪ್ಪ" ಅಂತ ಕಂಡಕ್ಟರಿಗೆ ಅಂದು ಕಾಲು ಕೆಳಗಿಟ್ಟೆ.

ಬಸ್ಸು ಹೋಯಿತು. ನಾನು ದುರುಗೇಶನ ತೋಳಿಗೆ ಕೈ ಕೊಟ್ಟು, ಈಗಷ್ಟೇ ಹೆಣ್ಣು ಕೊಡಲ್ಲ ಅಂದು ಬಂದ ಮನೆಗೆ ಅವನನ್ನು ಕರೆದುಕೊಂಡು ಹೊರಟೆ.